ಕಾಫಿ ಲೋಟದಿಂದ ಹಕ್ಕು ಬಿಡುಗಡೆ ಪತ್ರದವರೆಗೆ: ಕನ್ನಡ ಚಿತ್ರಪಠ್ಯಗಳಲ್ಲಿ ಲಿಂಗತ್ವದ ನೆಲೆ, ಬೆಲೆ ಹಾಗೂ ನೆಲೆಬೆಲೆಗಳ ಮುಖಾಮುಖಿ – ಒಂದು ಬಹುಶಿಸ್ತೀಯ ಅಧ್ಯಯನ

1. ಪ್ರಸ್ತಾವನೆ

ಸಂಸ್ಕೃತಿಯೆಂಬ ಸಂಕಥನವು ಕುಟುಂಬವೆಂಬ ಸಂಸ್ಥೆಯ ಮೂಲಕ ಹೆಣ್ತನ ಮತ್ತು ಗಂಡ್ತನಗಳೆಂಬ ಸಂರಚನೆಗಳನ್ನು ಯಾವ ಯಾವ ನೆಲೆಗಳಲ್ಲಿ ಕಟ್ಟುತ್ತದೆ, ಒಡೆಯುತ್ತದೆ, ಒಡೆಯುತ್ತಲೇ ಕಟ್ಟುತ್ತದೆ ಎಂಬುದನ್ನು ಚಲನಚಿತ್ರ ಹಾಗೂ ಮಾನವಶಾಸ್ತ್ರಗಳ ಹಿನ್ನೆಲೆಯ ಮುನ್ನೆಲೆಯಲ್ಲಿಟ್ಟು ನೋಡುವ ಒಂದು ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧವಾಗಿದೆ. ಈ ವಾಕ್ಯ ಅರ್ಥವಾಗಲಿಲ್ಲವೆಂದು ಓದುಗರು ಅಂಜಬೇಕಾಗಿಲ್ಲ. ಬರೆದ ಸಂಶೋಧಕಿಗೂ ಆಗಿಲ್ಲ. ಆದರೆ ಇಂಥ ವಾಕ್ಯವಿಲ್ಲದ ಪ್ರಬಂಧವನ್ನು ಯಾವ ಸಂಪುಟದವರೂ ಅಚ್ಚು ಹಾಕುವುದಿಲ್ಲ. ಅಚ್ಚಾಗದ ಪ್ರಬಂಧಕ್ಕೆ ಬಡ್ತಿಯ ಅಂಕವಿಲ್ಲ.

1.1 ವ್ಯಾಪ್ತಿ ಮತ್ತು ಮಿತಿ

ಕನ್ನಡ ಸಿನಿಮಾಕ್ಕೆ ಮಾತು ಬಂದದ್ದು 1934ರಲ್ಲಿ. ಚಿತ್ರದ ಹೆಸರು ‘ಸತಿ ಸುಲೋಚನಾ’. ಬಾಯಿ ಬಂದ ಕೂಡಲೇ ನಾವು ಆಡಿದ್ದು ಸತಿಯ ಕಥೆಯನ್ನು ಎಂಬಲ್ಲಿಂದ ಪ್ರಸ್ತುತ ಅಧ್ಯಯನದ ವ್ಯಾಪ್ತಿ ಆರಂಭವಾಗುತ್ತದೆ. ಮಿತಿ ಒಂದೇ: ಸಂಜೆ ಆರರ ನಂತರ ಸಂಶೋಧಕಿ ಅಡುಗೆ ಮಾಡಬೇಕಾಗಿರುವುದರಿಂದ ಆ ಹೊತ್ತಿನ ದತ್ತಾಂಶವನ್ನು ಕಲೆಹಾಕಲು ಸಾಧ್ಯವಾಗಿಲ್ಲ.

2. ಪೂರ್ವಸೂರಿಗಳ ಸಮೀಕ್ಷೆ

ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು ಎಂಬುದು ಹುಟ್ಟಿನಿಂದ ಬರುವುದಲ್ಲ, ಮನೆಯವರು ಕಲಿಸುವುದು ಎಂದು ಹೇಳುವುದಕ್ಕೆ ಮಾರ್ಗರೆಟ್ ಮೀಡ್ ನ್ಯೂಗಿನಿಯವರೆಗೆ ಹೋಗಬೇಕಾಯಿತು. 1935ರ ಆಕೆಯ ಪುಸ್ತಕದ ಪ್ರಕಾರ ಅರಾಪೆಶ್ ಜನರಲ್ಲಿ ಗಂಡೂ ಹೆಣ್ಣೂ ಸಾಧುಗಳು. ಮುಂಡುಗುಮೊರ್ ಜನರಲ್ಲಿ ಇಬ್ಬರೂ ಜಗಳಗಂಟರು. ಚಂಬುಲಿಗಳಲ್ಲಿ ಹೆಂಗಸರು ಮೀನು ಹಿಡಿದು ವ್ಯವಹಾರ ನೋಡಿಕೊಂಡರೆ, ಗಂಡಸರು ಮೈ ಸಿಂಗರಿಸಿಕೊಂಡು ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಕೂರುತ್ತಾರೆ. ಇಷ್ಟು ಚೊಕ್ಕವಾದ ಮೂರು ಪೆಟ್ಟಿಗೆಗಳನ್ನು ಆಮೇಲಿನ ಮಾನವಶಾಸ್ತ್ರಜ್ಞರು ಒಪ್ಪಲಿಲ್ಲ, ಆ ಮಾತು ಬೇರೆ. ಅರಾಪೆಶ್, ಮುಂಡುಗುಮೊರ್, ಚಂಬುಲಿಗಳ ಬದಲು ಆಕೆ ಅರಸೀಕೆರೆ, ಮುಂಡಗೋಡು, ಚಾಮರಾಜನಗರಗಳಿಗೆ ಬಂದಿದ್ದರೆ ಕೆಂಪು ಬಸ್ಸಿನ ಖರ್ಚಿನಲ್ಲೇ ಕೆಲಸ ಮುಗಿಯುತ್ತಿತ್ತು. ಚಂಬುಲಿ ಗಂಡಸರಂಥವರು ಯಾವುದೇ ಸಾಹಿತ್ಯ ಸಮ್ಮೇಳನದ ವೇದಿಕೆಯ ಹಿಂದೆ ಗುಂಪುಗುಂಪಾಗಿ ಸಿಗುತ್ತಾರೆ.

ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್ 1942ರಲ್ಲೇ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಮೇಲೆ ಪುಸ್ತಕ ಬರೆದರು. 1948ರಲ್ಲಿ ರಾಂಪುರವೆಂಬ ಹಳ್ಳಿಗೆ ಕ್ಷೇತ್ರಕಾರ್ಯಕ್ಕೆಂದು ಹೋದಾಗ ಜೊತೆಗೆ ಅಡುಗೆಯವನಿದ್ದ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಟಿಪ್ಪಣಿಗಳು ಸುಟ್ಟುಹೋದಾಗ ನೆನಪಿನಿಂದಲೇ ಊರನ್ನು ಬರೆಯಲು ಕೂತರು. 1976ರಲ್ಲಿ ಬಂದ ಆ ಪುಸ್ತಕ ನಿಜವಾಗಿಯೂ ದೊಡ್ಡದು, ಹೆಣ್ಣು–ಗಂಡು ಮತ್ತು ಮನೆವಾರ್ತೆಯ ಮೇಲೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಆದರೂ ಅದು ಜಗುಲಿಯಿಂದ ಕಂಡ ರಾಂಪುರ. ಹಿತ್ತಿಲಿನಿಂದ ಕಂಡ ರಾಂಪುರವನ್ನು ನೆನಪಿಟ್ಟುಕೊಂಡವರು ಪುಸ್ತಕ ಬರೆಯುವವರಾಗಿರಲಿಲ್ಲ.

ಇರಾವತಿ ಕರ್ವೆಯವರು 1953ರಲ್ಲಿ ಭಾರತದ ನಂಟಸ್ತಿಕೆಯನ್ನು ವಲಯಗಳಾಗಿ ವಿಂಗಡಿಸಿ ತೋರಿಸಿದರು. ಉತ್ತರದಲ್ಲಿ ಹುಡುಗಿ ಕಂಡರಿಯದವರ ಮನೆ ಸೇರುತ್ತಾಳೆ, ದಕ್ಷಿಣದಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿ ಬಳಗದೊಳಗೇ ಉಳಿಯುತ್ತಾಳೆ. ಇಷ್ಟನ್ನು ಹಿಡಿದುಕೊಂಡು ನಮ್ಮ ಸಂಕಿರಣಗಳಲ್ಲಿ ‘ಆದ್ದರಿಂದ ದ್ರಾವಿಡ ಹೆಣ್ಣು ಮೂಲತಃ ಸ್ವತಂತ್ರಳು’ ಎಂದು ಘೋಷಿಸುವವರಿದ್ದಾರೆ. ಅವರ ಹಿಂದೆಯೇ ಕರಾವಳಿಯ ಅಳಿಯಸಂತಾನ ಬರುತ್ತದೆ. ಅಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿಯುತ್ತಿತ್ತು, ನಿಜ. ಯಜಮಾನಿಕೆ ಬಹುಪಾಲು ಸೋದರಮಾವನ ಕೈಯಲ್ಲಿರುತ್ತಿತ್ತು ಎಂಬುದನ್ನು ಯಾರಾದರೂ ಎದ್ದು ಹೇಳುವಷ್ಟರಲ್ಲಿ ಚಹಾ ವಿರಾಮವಾಗುತ್ತದೆ.

3. ಲೋಟವಿಧಿ: ಒಂದು ಸೈದ್ಧಾಂತಿಕ ಚೌಕಟ್ಟು

3.1 ತುಂಬಿದ ಲೋಟವು ಅಡುಗೆಮನೆಯಿಂದ ನಡುಮನೆಯ ಕಡೆಗೆ, ಹೆಣ್ಣಿನ ಕೈಯಿಂದ ಗಂಡಿನ ಕೈಗೆ ಚಲಿಸುತ್ತದೆ.

3.2 ಖಾಲಿ ಲೋಟವು ಗಂಡಿನ ಕೈಯಿಂದ ಸೋಫಾದ ಕೆಳಕ್ಕೆ ಚಲಿಸುತ್ತದೆ.

3.3 ಸೋಫಾದ ಕೆಳಗಿನ ಲೋಟ ತಾನಾಗಿಯೇ ಎದ್ದುಹೋಗಿ, ತೊಳೆದುಕೊಂಡು, ಗೂಡಿನಲ್ಲಿ ಬೋರಲು ಮಲಗುತ್ತದೆ ಎಂಬುದು ನಡುಮನೆಯ ಬುಡಕಟ್ಟಿನ ನಂಬಿಕೆ. ಮಾನವಶಾಸ್ತ್ರದಲ್ಲಿ ಇದಕ್ಕೆ ಮಾಂತ್ರಿಕ ಚಿಂತನೆ ಎನ್ನುತ್ತಾರೆ.

ಕೊಡುಗೆಯ ಬಗ್ಗೆ ಮಾರ್ಸೆಲ್ ಮೋಸ್ 1925ರಲ್ಲಿ ಬರೆದದ್ದು ಜಗತ್ಪ್ರಸಿದ್ಧ. ಕೊಡುಗೆಯೆಂದರೆ ಮೂರು ಹೊಣೆ: ಕೊಡುವುದು, ಪಡೆಯುವುದು, ಹಿಂದಿರುಗಿಸುವುದು. ಮೂರನೆಯದು ಸೋಫಾದ ಕೆಳಗೆ ಉಳಿದುಬಿಡುವ ಸಮಾಜವೂ ಉಂಟೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಾಗೆಯೇ, ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ಬದುಕಿ ‘ಪಾಲ್ಗೊಂಡು ನೋಡುವ’ ವಿಧಾನವನ್ನು ನೆಲೆಗೊಳಿಸಿದವರು ಮಲಿನೋವ್‌ಸ್ಕಿ. ಕನ್ನಡದ ಗಂಡಸರು ಅದನ್ನು ಇನ್ನೂ ಒಂದು ಹೆಜ್ಜೆ ಮುಂದೊಯ್ದು ‘ಪಾಲ್ಗೊಳ್ಳದೆ ನೋಡುವ’ ವಿಧಾನವನ್ನು ರೂಪಿಸಿದ್ದಾರೆ. ಅವರ ಕ್ಷೇತ್ರ ಟಿಪ್ಪಣಿಗಳು ಚಿಕ್ಕವು, ಖಚಿತವಾದವು: ‘ಉಪ್ಪು ಒಂದು ಕಲ್ಲು ಕಡಿಮೆಯಾಯ್ತು.’

ದತ್ತಾಂಶ ಬೇಕೆನ್ನುವವರಿಗೆ ಸರ್ಕಾರದ್ದೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದಿನವೊಂದರಲ್ಲಿ ಕೂಲಿಯಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ನೂರಕ್ಕೆ 81ರಷ್ಟು, ಗಂಡಸರು 26ರಷ್ಟು. ಹಾಗೆ ಕೈಹಾಕಿದವರಲ್ಲೂ ಹೆಂಗಸರು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಆ 97 ನಿಮಿಷಗಳಲ್ಲಿ ಕಾರು ತೊಳೆದದ್ದು ಎಷ್ಟು, ಪಾತ್ರೆ ತೊಳೆದದ್ದು ಎಷ್ಟು ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

3.4 ಚಿತ್ರಪಠ್ಯದಲ್ಲಿ ಲೋಟ. ಹೆಣ್ಣು ನೋಡುವ ದೃಶ್ಯದಲ್ಲಿ ಹುಡುಗಿಯ ಮುಖಕ್ಕಿಂತ ಮೊದಲು ಚೌಕಟ್ಟಿನೊಳಗೆ ಬರುವುದು ತಟ್ಟೆ. ಸಿನಿಮಾದ ಕ್ಯಾಮೆರಾಕ್ಕೆ ಗಂಡಸಿನ ಕಣ್ಣಿದೆ ಎಂದು ಲಾರಾ ಮಲ್ವಿ 1975ರಲ್ಲಿ ಬರೆದದ್ದನ್ನು ಉಲ್ಲೇಖಿಸದೆ ಇಂದು ಸಿನಿಮಾ ಪ್ರಬಂಧ ಓದುವ ಹಾಗೇ ಇಲ್ಲ. ಆದರೆ ಮಲ್ವಿಯವರಿಗೆ ಭಾವೀ ಅತ್ತೆಯ ಪರಿಚಯವಿರಲಿಲ್ಲ. ಹುಡುಗ ಪಾಪ ನೆಲ ನೋಡುತ್ತಿರುತ್ತಾನೆ. ತಟ್ಟೆ ನಡುಗಿತೇ, ಸೆರಗು ಸರಿಯಿದೆಯೇ, ಬಗ್ಗಿದಾಗ ಸೊಂಟ ಹಿಡಿಯಿತೇ ಎಂದು ಅಳೆಯುವವಳು ಅತ್ತೆ. ಹಿಂದೆ ತಾನೂ ಅಂಥದೇ ತಟ್ಟೆ ಹಿಡಿದು ನಿಂತವಳು. ಗಂಡಸಿನ ನೋಟವನ್ನು ಹೆಂಗಸಿಗೆ ಗುತ್ತಿಗೆ ಕೊಟ್ಟು ತಾನು ಪೇಪರು ಓದುವ ಈ ಏರ್ಪಾಡನ್ನು ಯಾವ ಪಾಶ್ಚಾತ್ಯ ಸಿದ್ಧಾಂತವೂ ಇನ್ನೂ ಸರಿಯಾಗಿ ವಿವರಿಸಿಲ್ಲ.

4. ತಾಯಂದಿರ ಸಪ್ತವಿಧ ವರ್ಗೀಕರಣ

4.1 ಹೊಲಿಯುವ ತಾಯಿ. ವಿಧವೆ. ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾಳೆ. ಅದರ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಚಡ್ಡಿ ಹಾಕಿದ ಮಗ ಪ್ಯಾಂಟು ಹಾಕಿದ ನಾಯಕನಾಗಿರುತ್ತಾನೆ. ಅವಳು ಹೊಲಿದ ಬಟ್ಟೆಯನ್ನು ಯಾರಾದರೂ ತೊಟ್ಟದ್ದು ಯಾವ ಚಿತ್ರದಲ್ಲೂ ಕಂಡುಬಂದಿಲ್ಲ.

4.2 ಕೆಮ್ಮುವ ತಾಯಿ. ಮಧ್ಯಂತರದವರೆಗೆ ಬದುಕುತ್ತಾಳೆ. ಮಗನಿಗೆ ಕೆಲಸ ಸಿಕ್ಕಿದ ದಿನವೇ ಸಾಯುವುದು ಇವಳ ಹೊಣೆ.

4.3 ಆಣೆ ಹಾಕಿಸಿಕೊಳ್ಳುವ ತಾಯಿ. ಇವಳ ತಲೆಯ ಮೇಲೆ ಕೈಯಿಟ್ಟ ಮಗ ಮುಂದಿನ ಎರಡು ಗಂಟೆ ಕೊಲೆಗಡುಕರಿಂದ ಹೊಡೆಸಿಕೊಳ್ಳುತ್ತಾನೆ.

4.4 ಎದೆ ಹಿಡಿದುಕೊಳ್ಳುವ ತಂದೆ. ಇವನು ತಾಯಿಯಲ್ಲ ಎಂಬ ಆಕ್ಷೇಪ ಬರಬಹುದು. ಮಗಳು ಒಲ್ಲೆನೆಂದ ಕೂಡಲೇ ಎಡಗೈ ಎದೆಗೆ ಹೋಗುವ ಈ ಜೀವಿಯನ್ನು ಬೇರೆಲ್ಲೂ ಸೇರಿಸಲಾಗದ್ದರಿಂದ ಇಲ್ಲಿಟ್ಟಿದೆ. ಮಗ ಒಲ್ಲೆನೆಂದಾಗ ಇವನ ಹೃದಯ ಕಲ್ಲಿನ ಹಾಗೆ ಗಟ್ಟಿಯಾಗಿರುವುದು ವೈದ್ಯಶಾಸ್ತ್ರಕ್ಕೆ ಸವಾಲು.

ಉಳಿದ ಮೂರು ವಿಧಗಳನ್ನು ಬರೆಯುವ ಉಮೇದು ಸಂಶೋಧಕಿಗಿಲ್ಲ. ಭಾನುವಾರ ಮಧ್ಯಾಹ್ನ ಟೀವಿ ಹಾಕಿದರೆ ಮೂರೂ ಸಿಗುತ್ತವೆ.

5. ಪಳಗಿಸುವಿಕೆಯ ರಾಜಕಾರಣ

ಷೇಕ್ಸ್‌ಪಿಯರ್ ಗಯ್ಯಾಳಿ ಹೆಣ್ಣೊಬ್ಬಳನ್ನು ಪಳಗಿಸುವ ನಾಟಕ ಬರೆದ. ಪರ್ವತವಾಣಿ ಅದನ್ನು ‘ಬಹದ್ದೂರ್ ಗಂಡ’ ಎಂದು ಕನ್ನಡಕ್ಕೆ ತಂದರು. ಅದೇ 1989ರಲ್ಲಿ ‘ನಂಜುಂಡಿ ಕಲ್ಯಾಣ’ವಾಗಿ ಥಿಯೇಟರು ತುಂಬಿಸಿತು. ಸಾಗರ ದಾಟಿದರೂ ಜಾತಿ ಕೆಡದೆ ನಮ್ಮ ಮನೆಯೊಳಗೆ ಸಲೀಸಾಗಿ ಬಂದ ಇಂಗ್ಲಿಷ್ ಸರಕು ಇದೊಂದೇ ಇರಬೇಕು. ಸೊಕ್ಕಿನ ಹುಡುಗಿ, ಕೆನ್ನೆಗೊಂದು ಏಟು, ಮುಂದಿನ ಹಾಡಿಗೆ ಸೀರೆ: ಇದೇ ಸೂತ್ರದಲ್ಲಿ ಎಷ್ಟು ಚಿತ್ರಗಳು ಬಂದವೆಂದು ಎಣಿಸುವುದು ವ್ಯರ್ಥ. ತಮಾಷೆಯೆಂದರೆ, ಆ ಚಿತ್ರದಲ್ಲಿ ಪಳಗಿದ ಮಾಲಾಶ್ರೀಯೇ ತೊಂಬತ್ತರ ದಶಕದಲ್ಲಿ ಖಾಕಿ ತೊಟ್ಟು ಗಂಡಸರನ್ನು ಸಾಲಾಗಿ ನಿಲ್ಲಿಸಿ ಬಾರಿಸಿದರು, ಜನ ಅದಕ್ಕೂ ಶಿಳ್ಳೆ ಹೊಡೆದರು. ಪ್ರೇಕ್ಷಕ ದಡ್ಡನೆಂದು ಹೇಳುವ ಪ್ರಬಂಧಗಳ ಬಗ್ಗೆ ಸಂಶೋಧಕಿಗೆ ಅನುಮಾನ ಹುಟ್ಟಿದ್ದು ಅಲ್ಲಿ.

ನಾಯಕ ನಾಯಕಿಯ ಬೆನ್ನು ಬಿದ್ದು, ಬಸ್‌ಸ್ಟಾಪಿನಲ್ಲಿ ಕಾದು, ಅವಳು ಬೇಡವೆಂದಷ್ಟೂ ಬೆಂಬತ್ತಿ ಕೊನೆಗೆ ಒಲಿಸಿಕೊಳ್ಳುವುದಕ್ಕೆ ಚಿತ್ರಪಠ್ಯದಲ್ಲಿ ಪ್ರೀತಿಯೆಂದು ಹೆಸರು. 2013ರಲ್ಲಿ ಅಂದಿನ ದಂಡಸಂಹಿತೆಯಲ್ಲಿ ಅದಕ್ಕೆ ‘ಕಲಂ 354ಡಿಯ ಅಪರಾಧ’ ಎಂದು ಹೆಸರಾಯಿತು. ಹಾಡುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ಕೋಲಿನಿಂದ ಹೊಡೆಯಲು ಬರುವುದಿಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಬೆಳ್ಳಿಮೋಡ’ದಲ್ಲಿ (1967) ಇಂದಿರೆಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತೆಂದು ಗೊತ್ತಾದಾಗ ಮದುವೆಯಾಗಬೇಕಿದ್ದವನು ಹಿಂದೆ ಸರಿಯುತ್ತಾನೆ; ಆಮೇಲೆ ಅವನೇ ಕೈಚಾಚಿದಾಗ ಅವಳು ಒಲ್ಲೆನೆನ್ನುತ್ತಾಳೆ. ಆ ‘ಒಲ್ಲೆ’ಯ ಎದುರು ನಮ್ಮ ಎಷ್ಟೋ ಪ್ರಬಂಧಗಳು ಬರಿಯ ಕಾಗದ. ನಾಲ್ಕು ವರ್ಷದ ಮೇಲೆ ಅದೇ ಲೇಖಕಿ, ಅದೇ ನಿರ್ದೇಶಕ, ಅದೇ ನಾಯಕಿ ಕಲ್ಪನಾ. ‘ಶರಪಂಜರ’ದ ಕಾವೇರಿ ಹುಚ್ಚು ವಾಸಿಯಾಗಿ ಮನೆಗೆ ಬಂದರೆ, ಮನೆಯವರು ಅವಳನ್ನು ನೋಡುವ ರೀತಿಯೇ ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತದೆ. ಕುಟುಂಬ ಹೆಣ್ಣನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಿದ್ಧಾಂತ ಬೇಕೇ? ಬೇಕಂತೆ. ‘ಹುಚ್ಚಿನ ಸಂಕಥನ ಮತ್ತು ಫೂಕೋ’ ಎಂದು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತಾರೆ.

6. ಕ್ಷೇತ್ರಕಾರ್ಯ

ಇಷ್ಟೆಲ್ಲ ಆದಮೇಲೆ ಒಂದು ಬುಡಕಟ್ಟಿನ ಅಧ್ಯಯನ ಅಗತ್ಯ. ಸಂಶೋಧಕಿ ಆರಿಸಿಕೊಂಡದ್ದು ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣವೊಂದನ್ನು. ವಿಷಯ: ಸಿನಿಮಾ ಮತ್ತು ಲಿಂಗ ಸಮಾನತೆ.

ಬುಡಕಟ್ಟಿನ ಹಿರಿಯರು ಹನ್ನೊಂದಕ್ಕೆ ಆಗಮಿಸುತ್ತಾರೆ. ಅಂತಿಮ ಬಿ.ಎ. ಹುಡುಗಿಯರು ಎಂಟರಿಂದಲೇ ಸೀರೆಯುಟ್ಟು, ಕುಂಕುಮ, ಕಲ್ಲುಸಕ್ಕರೆ, ಗುಲಾಬಿಗಳ ತಟ್ಟೆ ಹಿಡಿದು ಬಾಗಿಲ ಇಕ್ಕೆಲದಲ್ಲಿ ನಿಂತಿರುತ್ತಾರೆ. ಅಂತಿಮ ಬಿ.ಎ. ಹುಡುಗರು ಬೈಕಿನ ಮೇಲೆ ಕೂತಿರುತ್ತಾರೆ. ರಂಗೋಲಿ, ಪ್ರಾರ್ಥನೆ, ಊಟದ ಉಸ್ತುವಾರಿ ಮಹಿಳಾ ಅಧ್ಯಾಪಕರದು. ಆಶಯ ಭಾಷಣ, ಉದ್ಘಾಟನೆ, ಅಧ್ಯಕ್ಷತೆ ಪುರುಷ ಅಧ್ಯಾಪಕರದು. ವೇದಿಕೆಯಲ್ಲಿ ಒಂಬತ್ತು ಕುರ್ಚಿ, ಒಂಬತ್ತರಲ್ಲೂ ಗಂಡಸರು. ದೀಪ ಬೆಳಗುವಾಗ ಸಬಲೀಕರಣದ ಸಂಕೇತವಾಗಿ ಒಬ್ಬ ಹಿರಿಯ ಪ್ರಾಧ್ಯಾಪಕಿಯನ್ನು ಮೇಲಕ್ಕೆ ಕರೆಯಲಾಯಿತು. ಬೆಂಕಿಪೊಟ್ಟಣ ಹಿಡಿದುಕೊಳ್ಳಲು.

ಮಧ್ಯಾಹ್ನ ಮಲಯಾಳಂನ ‘ದ ಗ್ರೇಟ್ ಇಂಡಿಯನ್ ಕಿಚನ್’ (2021) ತೋರಿಸಿದರು. ಜಿಯೋ ಬೇಬಿಯವರ ಆ ಚಿತ್ರದಲ್ಲಿ ಮಾವನಿಗೆ ಅನ್ನ ಕಟ್ಟಿಗೆ ಒಲೆಯ ಮೇಲೇ ಬೇಯಬೇಕು, ಬಟ್ಟೆ ಕೈಯಲ್ಲೇ ಒಗೆಯಬೇಕು. ಉಂಡವರು ಅಗಿದ ನುಗ್ಗೆಕಾಯಿ ಸಿಪ್ಪೆಯನ್ನು ಮೇಜಿನ ಮೇಲೇ ಉಗುಳಿ ಎದ್ದುಹೋಗುತ್ತಾರೆ. ಸೋರುವ ಸಿಂಕಿನ ಪೈಪಿಗೆ ರಿಪೇರಿಯವನನ್ನು ಕರೆಯಲು ಗಂಡನಿಗೆ ನೆನಪೇ ಆಗುವುದಿಲ್ಲ. ಚಿತ್ರ ಮುಗಿದ ಮೇಲೆ ಗೋಷ್ಠಿಯಲ್ಲಿ ಕ್ಯಾಮೆರಾ ಕೋನ, ಬೆಳಕಿನ ವಿನ್ಯಾಸ ಹಾಗೂ ಅಡುಗೆಮನೆಯ ‘ಅವಕಾಶ ರಾಜಕಾರಣ’ದ ಬಗ್ಗೆ ಗಂಭೀರ ಚರ್ಚೆಯಾಯಿತು. ಕೂತಲ್ಲಿಗೇ ಚಹಾ ಬಂತು. ವಿದ್ವಾಂಸರು ಕಾಗದದ ಕಪ್ಪುಗಳನ್ನು ಕುರ್ಚಿಯ ಕೆಳಗಿಟ್ಟು ಸಮಾರೋಪಕ್ಕೆ ತೆರಳಿದರು. ಅವನ್ನು ಆರಿಸಿದವಳು ಜವಾನರ ಕೆಲಸ ಮಾಡುವ ಹೆಂಗಸು. ಗುತ್ತಿಗೆ ನೌಕರಿ, ಮೂರು ತಿಂಗಳಿನಿಂದ ಸಂಬಳವಾಗಿಲ್ಲವೆಂದು ಹೇಳಿದಳು. ಅವಳ ಕುರಿತು ಪ್ರಬಂಧ ಮಂಡನೆಯಾಗಲಿಲ್ಲ.

ಇನ್ನು ಸಂಖ್ಯೆ ಹಾಕುವುದನ್ನು ಬಿಡುತ್ತೇನೆ. ‘ಪ್ರಸ್ತುತ ಸಂಶೋಧಕಿ’ಯೂ ಸಾಕು.

‘ಬಂಗಾರದ ಮನುಷ್ಯ’ (1972) ನೋಡಿ ಅಳದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಸಿಗುವುದು ಕಷ್ಟ. ವಿಧವೆ ಅಕ್ಕನ ಸಂಸಾರಕ್ಕಾಗಿ ರಾಜೀವ ಬದುಕನ್ನೇ ಸವೆಸುತ್ತಾನೆ, ಕೊನೆಗೆ ಅಕ್ಕನ ಮಗನ ಒಂದು ಮಾತಿಗೆ ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಆ ಚಿತ್ರದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅದನ್ನು ನೋಡಿ ಬಂದ ಪ್ರತಿಯೊಬ್ಬ ಅಣ್ಣನೂ ತಾನೇ ರಾಜೀವನೆಂದು ತಿಳಿದುಕೊಂಡದ್ದರ ಮೇಲೆ. ಕೊಡುವ ಅಣ್ಣನಿರುವಾಗ ತಂಗಿಗೆ ಪಾಲೇಕೆ? ಈ ಪ್ರಶ್ನೆಯನ್ನು ನಮ್ಮ ಸಿನಿಮಾ ಬಾಯಿಬಿಟ್ಟು ಕೇಳಲೇ ಇಲ್ಲ, ಹಾಡು ಹಾಕಿ ದಾಟಿಸಿತು. 2002ರಲ್ಲಿ ‘ತವರಿಗೆ ಬಾ ತಂಗಿ’, 2005ರಲ್ಲಿ ‘ಅಣ್ಣ ತಂಗಿ’. ಥಿಯೇಟರಿಗೆ ಹೋದ ಹೆಂಗಸರು ಸೆರಗು ಒದ್ದೆ ಮಾಡಿಕೊಂಡು ಬಂದರು.

ಅದೇ 2005ರ ಸೆಪ್ಟೆಂಬರ್ 9ರಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಮಗಳೂ ಮಗನಂತೆಯೇ ಹುಟ್ಟಿನಿಂದ ಪಿತ್ರಾರ್ಜಿತದ ಸಮಪಾಲುದಾರಳಾದಳು. ಕರ್ನಾಟಕ ಈ ಹಕ್ಕನ್ನು 1994ರಲ್ಲೇ ಕೊಟ್ಟಿತ್ತು, ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟು. ಹಳೆಯ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳಿಗೊಂದು ಕಾಯ್ದೆ ಮಾಡಿತ್ತು. ಕಾನೂನು ಮಾಡುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಅದನ್ನು ಮನೆಯೊಳಗೆ ಬಿಡುವುದಿಲ್ಲ, ಅಷ್ಟೆ.

ಕ್ರಮ ಹೀಗಿದೆ. ಜಾಗ ಮಾರಬೇಕೆಂದಾಗ ಅಣ್ಣನ ಫೋನು ಬರುತ್ತದೆ: ‘ಒಂದು ಸಹಿ ಹಾಕಿ ಹೋಗಮ್ಮ.’ ಕಾರು ಕಳಿಸುತ್ತಾನೆ. ಮನೆಯಲ್ಲಿ ಹೋಳಿಗೆ ಊಟ. ಅತ್ತಿಗೆ ಎಂದಿಲ್ಲದ ಅಕ್ಕರೆಯಲ್ಲಿ ಎರಡನೇ ಸಲ ತುಪ್ಪ ಬಡಿಸುತ್ತಾಳೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಫೋಟೊ ಹಿಡಿದು, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಪತ್ರದಲ್ಲಿ ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಹಕ್ಕು ಬಿಡುಗಡೆ ಮಾಡಿರುತ್ತೇನೆ ಎಂದಿರುತ್ತದೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಒಂದು ಸೀರೆ. ನನ್ನ ಸೋದರತ್ತೆ ಹೀಗೆಯೇ ಸಹಿ ಹಾಕಿ ಹೋದಳು. ಆ ಸೈಟು ಮಾರಿದ ದುಡ್ಡಿನಲ್ಲಿ ನನ್ನ ಎಂ.ಎ. ಆಯಿತು, ಪಿಎಚ್‌ಡಿ ಆಯಿತು. ವಿಷಯ, ಕನ್ನಡ ಕಾದಂಬರಿಗಳಲ್ಲಿ ಸ್ತ್ರೀ. ಪದವಿ ಬಂದಾಗ ಅತ್ತೆ ಕೇಳಿದಳು: ‘ಹೆಂಗಸರ ಕಷ್ಟ ಬರೆದ್ರೆ ಡಾಕ್ಟ್ರು ಮಾಡ್ತಾರೇನೇ?’ ಮಾಡುತ್ತಾರೆ ಅತ್ತೆ. ಕಷ್ಟ ಬೇರೆಯವರದ್ದಾಗಿರಬೇಕು.

ಅವಳಿಗೆ ಕಾನೂನು ಗೊತ್ತಿರಲಿಲ್ಲವೆಂದು ನಮ್ಮ ವಿದ್ವಾಂಸರು ಬರೆಯುತ್ತಾರೆ, ಅರಿವಿನ ಕೊರತೆ ಎಂಬ ತಲೆಬರಹದಡಿ. ಚೆನ್ನಾಗಿ ಗೊತ್ತಿತ್ತು. ನಾಳೆ ಗಂಡ ಹೊರಗೆ ಹಾಕಿದರೆ, ಸೊಸೆ ಅನ್ನ ಹಾಕದಿದ್ದರೆ ಹೋಗಲು ಅವಳಿಗಿದ್ದದ್ದು ಒಂದೇ ಬಾಗಿಲು. ಪಾಲು ಕೇಳಿದರೆ ಅದು ಮುಚ್ಚುತ್ತದೆ. ಕೇಳಿ ಪಡೆದರೂ ಆ ದುಡ್ಡು ನೇರ ಗಂಡನ ಅಂಗಡಿಗೆ ಹೋಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿಯೇ ಅವಳು ಅಣ್ಣಂದಿರ ಮನೆಯ ಗೌರಿ ಬಾಗಿನವನ್ನು ಆರಿಸಿಕೊಂಡಳು. ವರ್ಷಕ್ಕೊಂದು ಮೊರ, ಅದರಲ್ಲಿ ಬಳೆ, ಬಿಚ್ಚೋಲೆ, ರವಿಕೆ ಕಣ, ಒಂದಿಷ್ಟು ನೋಟು. ಹಕ್ಕಾಗಿ ಬರಬೇಕಾದದ್ದು ಕೊಡುಗೆಯಾಗಿ ಬಂತು. ಹಕ್ಕಿಗೆ ಯಾರೂ ಅಳುವುದಿಲ್ಲ, ಕೊಡುಗೆಗೆ ಅಳುತ್ತಾರೆ. ಸಿನಿಮಾಕ್ಕೆ ಬೇಕಾದದ್ದು ಆ ಅಳು.

ಲೆವಿ-ಸ್ತ್ರಾಸ್ 1949ರಲ್ಲಿ ಬರೆದರು: ಗಂಡಸರು ತಮ್ಮತಮ್ಮೊಳಗೆ ಹೆಣ್ಣುಗಳನ್ನು ಕೊಟ್ಟುತಂದುಕೊಳ್ಳುವುದರಿಂದಲೇ ಸಮಾಜ ಕಟ್ಟಿಕೊಳ್ಳುತ್ತದೆ ಎಂದು. 1975ರಲ್ಲಿ ಗೇಲ್ ರೂಬಿನ್ ತಿರುಗಿ ಹೇಳಿದ್ದರ ತಿರುಳು ಇಷ್ಟು: ಹೆಣ್ಣೇ ಕೊಡುಗೆಯಾದರೆ, ಆ ಕೊಡುಕೊಳ್ಳುವಿಕೆಯ ಲಾಭ ಕೊಡುವವರಿಗೆ, ಕೊಡಲ್ಪಟ್ಟವಳಿಗಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದ. ಅತ್ತೆಯನ್ನು ಕೇಳಿದ್ದರೆ ಪುಸ್ತಕದ ದುಡ್ಡು ಉಳಿಯುತ್ತಿತ್ತು. ಧಾರೆ ಎರೆದು ಕೊಟ್ಟ ವಸ್ತು ವಾಪಸು ಬಂದು ಪಾಲು ಕೇಳುವುದನ್ನು ಯಾವ ಅಣ್ಣ ಸಹಿಸುತ್ತಾನೆ?

7. ಫಲಿತಗಳು

(ಸಂಪಾದಕರು ಇರಲೇಬೇಕೆಂದದ್ದರಿಂದ ಸಂಖ್ಯೆ ಮತ್ತೆ ಹಾಕಿದೆ.)

‘ಇನ್ನೂ ಹೆಚ್ಚಿನ ಸಂಶೋಧನೆಗೆ ಅವಕಾಶವಿದೆ’ ಎಂದು ಇಲ್ಲಿ ಬರೆಯುವುದು ವಾಡಿಕೆ. ಬರೆಯುವುದಿಲ್ಲ. ಸಂಶೋಧನೆ ಬೇಕಾದಷ್ಟಾಗಿದೆ. ಓದುವ ಹೆಣ್ಣುಮಕ್ಕಳಿಗೆ ಹೇಳುವುದಿಷ್ಟೆ. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, 2005ರ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕಿಗೆ ಕುಂದಿಲ್ಲವೆಂದು ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಭಾಗವಾದ, ಇಲ್ಲವೇ ಪರಭಾರೆಯಾದ ಆಸ್ತಿಯನ್ನು ಮಾತ್ರ ಮತ್ತೆ ಕೆದಕಲು ಬರುವುದಿಲ್ಲ. ಮುಂದಿನ ಸಲ ತವರಿನಿಂದ ಕಾರು ಬಂದರೆ ಹೋಗಿ, ಹೋಳಿಗೆ ತಿನ್ನಿ, ಅತ್ತಿಗೆ ತುಪ್ಪ ಬಡಿಸಿದರೆ ಬೇಡವೆನ್ನಬೇಡಿ. ಪತ್ರವನ್ನು ಮಾತ್ರ ಕೈಗೆ ತೆಗೆದುಕೊಂಡು ಮನೆಗೆ ತನ್ನಿ, ಓದಿ, ನಿಮಗೆ ಬೇಕಾದ ವಕೀಲರಿಗೆ ತೋರಿಸಿ. ಅಲ್ಲಿಯವರೆಗೆ ಸಹಿ ಹಾಕಬೇಡಿ.